ಏಳು ದಿನದ ಬೆಂಕಿ

ಶಿವರಾತ್ರಿಗೆ ಹನ್ನೆರಡು ದಿನ ಉಳಿದಿದ್ದ ಸೋಮವಾರ, ಬೆಳಿಗ್ಗೆ ಆರೂ ನಲವತ್ತಕ್ಕೆ ನಂಜನಗೂಡಿನಲ್ಲಿ ತಿ. ನರಸೀಪುರದ ಬಸ್ಸು ಹತ್ತಿದೆ. ಚೀಲದಲ್ಲಿ ನೀರು, ಎರಡು ಚಪಾತಿ, ಭೂತಗನ್ನಡಿ. ಹಿಂದಿನ ದಿನ ಗೌರಮ್ಮಣ್ಣಿ ಫೋನ್ ಮಾಡಿ, "ಉಂಡೆಯೆಲ್ಲ ಕೆಟ್ಟೋಯ್ತು ಸಾ, ಒಂದ್ಸಾರಿ ಬಂದ್ ನೋಡಿ" ಎಂದಿದ್ದರು.

ಗೌರಮ್ಮಣ್ಣಿ ನರಸೀಪುರದ ಪಕ್ಕದ ಹಳ್ಳಿಯವರು. ನಾಲ್ಕು ನಾಟಿ ಹಸುಗಳ ಸಗಣಿಯನ್ನು ವರ್ಷವಿಡೀ ಉಂಡೆ ಕಟ್ಟಿ ಒಣಗಿಸಿ, ಮಾಘದಲ್ಲಿ ಭತ್ತದ ಹೊಟ್ಟಿನ ರಾಶಿಯೊಳಗೆ ಏಳು ದಿನ ಸುಟ್ಟು ವಿಭೂತಿ ಮಾಡುತ್ತಾರೆ. ಅತ್ತೆಯ ಕಾಲದಿಂದಲೂ ಒಂದು ಮಠದ ಶಿವರಾತ್ರಿಗೆ ಈ ಮನೆಯ ವಿಭೂತಿಯೇ ಹೋಗುತ್ತಿತ್ತು. ನಾನು ಮೂವತ್ತನಾಲ್ಕು ವರ್ಷ ಪ್ರಯೋಗಾಲಯದಲ್ಲಿ ಘನವಸ್ತುಗಳನ್ನು ಕಾಯಿಸಿ, ಅವು ವಿಘಟನೆಯಾಗುವ ವೇಗವನ್ನೂ, ಉಳಿದ ಇಂಗಾಲ ಅನಿಲವಾಗಿ ಹೋಗುವ ವೇಗವನ್ನೂ ಅಳೆದವನು. ಸಗಣಿಪುಡಿಯನ್ನೂ ಅಳೆದಿದ್ದೆ. ಕಳೆದ ವರ್ಷ ನಂಜನಗೂಡಿನ ದೇವಸ್ಥಾನದ ಬಳಿ ವಿಭೂತಿ ಮಾರುತ್ತ ಅವರು ಏಳು ದಿನ ಬೆಂಕಿ ಕಾಯುವುದಕ್ಕೆ ಗೊಣಗಿದಾಗ, ಅಲ್ಲೇ ಲೆಕ್ಕ ಹಾಕಿ, "ಸೌದೆಯಿಟ್ಟು ಉರಿ ಹೆಚ್ಚಿಸಿ, ಒಂದೇ ದಿನ ಸಾಕು" ಎಂದಿದ್ದೆ.

ಬಸ್ಸಿನಲ್ಲಿ ಹೆಂಗಸರಿಗೆ ಉಚಿತ, ನನಗೆ ನಲವತ್ತು ರೂಪಾಯಿ. ಗದ್ದೆಗಳಲ್ಲಿ ಕೊಯ್ದ ಕೂಳೆ ಒಣಗಿತ್ತು. ನರಸೀಪುರದಲ್ಲಿ ಇಡ್ಲಿ ತಿಂದೆ, ರುಚಿ ಗೊತ್ತಾಗಲಿಲ್ಲ. ಆಟೋ ಹಿಡಿದು ಒಂಬತ್ತಕ್ಕೆ ಮೊದಲೇ ಹಳ್ಳಿ ತಲುಪಿದೆ. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು.

ಹಿತ್ತಿಲಲ್ಲಿ ಉಂಡೆಗಳ ರಾಶಿ ಬೆಳ್ಳಗೆ ಕಂಡಿತು. ಗೌರಮ್ಮಣ್ಣಿಯ ಮೈದುನ ಮಾದಪ್ಪ ಜಗಲಿಯಿಂದಲೇ ಕೂಗಿದ:

"ಬಂದ್ರಾ ಸೈಂಟಿಸ್ಟು! ಏಳ್ ದಿನದ್ದ ಒಂದ್ ದಿನಕ್ಕೆ ಇಳ್ಸುದ್ರಿ. ಒಂಬತ್ ತಿಂಗ್ಳ ಬಸುರ್ನೂ ವಾರಕ್ಕೆ ಇಳ್ಸೀರಾ?"

"ಸುಮ್ಕಿರಪ್ಪ, ದೊಡ್ಡೋರು ಬಂದವ್ರೆ," ಎಂದು ಗೌರಮ್ಮಣ್ಣಿ ಮಣೆ ಹಾಕಿದರು.

ಹನ್ನೊಂದು ಉಂಡೆ ಒಡೆದೆ. ಹನ್ನೊಂದೂ ಒಳಗೆ ಇದ್ದಿಲು. ಭೂತಗನ್ನಡಿಯಲ್ಲಿ ನೋಡಿದರೆ, ಜೋರು ಉರಿಗೆ ಹೊರಗಿನ ಬೂದಿ ಕರಗಿ ಗಾಜಿನಂತೆ ಮುಚ್ಚಿಕೊಂಡಿತ್ತು. ಒಳಗಿನ ಇಂಗಾಲಕ್ಕೆ ಗಾಳಿಯೇ ಮುಟ್ಟಿರಲಿಲ್ಲ. ನಾನು ಅಳೆದದ್ದು ಹತ್ತು ಮಿಲಿಗ್ರಾಂ ಪುಡಿ; ಅಲ್ಲಿ ಕಣಕಣಕ್ಕೂ ಗಾಳಿ ತಾಗುತ್ತದೆ. ಮುಷ್ಟಿಗಾತ್ರದ ಉಂಡೆಯಲ್ಲಿ ಗಾಳಿ ಬೂದಿಯನ್ನು ದಾಟಿ ನಿಧಾನವಾಗಿ ಒಳಗೆ ಹೋಗಬೇಕು. ಏಳು ದಿನ ಬೇಕಾದದ್ದು ಅದಕ್ಕೇ. ಕಿರಿಯರಿಗೆ ನಾನೇ ಕಲಿಸಿದ ಪಾಠ ಇದು.

"ಪುಡಿ ಮಾಡಿ ಇನ್ನೊಂದ್ ಸಲ ಸುಟ್ರೆ?" ಎಂದರು ಗೌರಮ್ಮಣ್ಣಿ. ನನಗೂ ಉಳಿದಿದ್ದ ಆಸೆ ಅದೊಂದೇ. ಎರಡು ಉಂಡೆ ಕುಟ್ಟಿ, ಕಬ್ಬಿಣದ ಬಾಣಲೆಯಲ್ಲಿ ಕೆಂಡದ ಮೇಲೆ ಎರಡು ಗಂಟೆ ಮಗುಚಿದೆವು. ಕಪ್ಪು ಹೋಗಿ ಬೂದು ಬಣ್ಣ ಬಂತು; ಬಿಳಿ ಬರಲಿಲ್ಲ. ಅವರು ಮುಂಗೈಗೆ ಉಜ್ಜಿಕೊಂಡರು. ಮರಳಿನಂತೆ ಚರ್ಮ ಗೀರಿತು.

"ಮಳ್ಳು ಕಣ್ ಸಾ ಇದು. ಅಣೇಗೆ ಇಡಕ್ಕಾಯ್ತದಾ?"

ಹೊಸ ಸಗಣಿ ಉಂಡೆ ಕಟ್ಟಿ ಒಣಗಿಸಲು ದಿನವಿಲ್ಲ. ಅವರು ನಮ್ಮೆದುರೇ ಮಠಕ್ಕೆ ಫೋನ್ ಮಾಡಿದರು. "ಈ ಸಾರಿ ಆಗ್ನಿಲ್ಲ ಬುದ್ಧಿ" ಎಂದರು. ಆ ಕಡೆಯವರು ಬೈಯಲಿಲ್ಲ. ಮೈಸೂರಿನಿಂದ ಪ್ಯಾಕೆಟ್ ತರಿಸುತ್ತೇವೆ ಎಂದರಂತೆ.

"ಮುಂದಿನ ವರ್ಷ ಕೊಡಬಹುದಲ್ಲ?" ಎಂದೆ.

"ಪ್ಯಾಕೆಟ್ ಅಬ್ಯಾಸ ಆದ್ಮೇಲೆ ಯಾರ್ ಸಾ ಕೇಳ್ತಾರೆ?"

ಮಾದಪ್ಪ ಗುದ್ದಲಿ ತೆಗೆದುಕೊಂಡು ಉಂಡೆಗಳನ್ನು ತಿಪ್ಪೆಗೆ ಎಳೆಯತೊಡಗಿದ.

ತಪ್ಪು ನನ್ನದು ಎಂದೆ. ಗೌರಮ್ಮಣ್ಣಿ ಒಳಗೆ ಹೋಗಿ, ಹೋದ ವರ್ಷದ ಒಂದು ವಿಭೂತಿ ಗಟ್ಟಿ ತಂದರು. ಮನೆಗೆ ಬಂದವರನ್ನು ಬರಿಹಣೆಯಲ್ಲಿ ಕಳಿಸುವುದಿಲ್ಲವಂತೆ. "ಕಣ್ ಮುಚ್ಕಳಿ" ಎಂದು ಮೂರು ಬೆರಳಲ್ಲಿ ಎಳೆದರು. ನಾನು ತಲೆ ಬಗ್ಗಿಸಿಕೊಟ್ಟೆ.

ಮಧ್ಯಾಹ್ನದ ಬಸ್ಸಿನಲ್ಲಿ ಸೀಟಿರಲಿಲ್ಲ. ಕಂಬಿ ಹಿಡಿದು ನಿಂತೆ. ಬೆವರು ಹಣೆಯ ವಿಭೂತಿಯೊಡನೆ ಇಳಿದು ಕಣ್ಣಿಗೆ ಉರಿಯಾಯಿತು. ಕರವಸ್ತ್ರ ಜೇಬಿನಲ್ಲಿತ್ತು. ನಂಜನಗೂಡು ಬರುವವರೆಗೂ ಒರೆಸಿಕೊಳ್ಳಲಿಲ್ಲ.