ಅಮ್ಮ ನೀಡಿದ ಕಾಲು

ಟ್ರೈನರ್ ಹೋದಮೇಲೂ ಅವನು ಹೊಡೆದ ನೋವಿನ ಸ್ಪ್ರೇ ವಾಸನೆ ನಮ್ಮ ನಡುಮನೆಯಲ್ಲಿ ಬಹಳ ಹೊತ್ತು ನಿಂತಿರುತ್ತದೆ. ಮಂಡಿಯ ಆಪರೇಷನ್ ಆದಮೇಲೆ ಡಾಕ್ಟರ ಮಾತು ಕೇಳಿ ತುಮಕೂರಿನ ಶಿರಾ ಗೇಟಿನ ಜಿಮ್ಮಿನಿಂದ ಇವನನ್ನು ಗೊತ್ತುಮಾಡಿಕೊಂಡೆ. ತಿಂಗಳ ಫೀಸು ಕೇಳಿ ಹೌಹಾರಿ, ನನ್ನ ಮೊದಲ ಸಂಬಳವೇ ಅಷ್ಟಿರಲಿಲ್ಲ ಎಂದು ಉಪದೇಶ ಶುರು ಮಾಡಿದ್ದೆ. ಅವನು ನಕ್ಕು, "ಅದ್ ಬಿಡಿ ಅಂಕಲ್, ಮೊದ್ಲು ಕಾಲು ಬಗ್ಸಿ" ಅಂದ. ಬಗ್ಗಿಸಿದೆ. ಆಮೇಲೆ ಉಪದೇಶಕ್ಕೆ ಉಸಿರಿರಲಿಲ್ಲ.

ಸ್ಪ್ರೇಯ ಆ ಘಾಟಿನಲ್ಲಿ ಕೂತಾಗಲೆಲ್ಲ ನನಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ ನೆನಪಾಗುತ್ತದೆ. ತೊಂಬತ್ತರ ದಶಕದ ಮೊದಲಲ್ಲಿ ಗುಬ್ಬಿಯ ನಮ್ಮ ಮನೆಗೂ ಒಬ್ಬ ಟ್ರೈನರ್ ಬರುತ್ತಿದ್ದ ಎಂದರೆ ನೀವು ನಂಬಲಿಕ್ಕಿಲ್ಲ. ಆಗ ನಮಗೆ ಆ ಪದ ಗೊತ್ತಿರಲಿಲ್ಲ, ಅಷ್ಟೆ.

ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದ ಅಮ್ಮ ಹಾಗೇ ಒಂದು ಕಡೆಗೆ ವಾಲಿದಳು. ಎಡಗೈ, ಎಡಗಾಲು ಎರಡೂ ಬಿದ್ದುಹೋದವು. ತುಮಕೂರಿನ ಆಸ್ಪತ್ರೆಯಲ್ಲಿ, ದಿನಾ ವ್ಯಾಯಾಮ ಮಾಡಿಸಿದರೆ ನಡೆದಾಳು, ಇಲ್ಲದಿದ್ದರೆ ಇಲ್ಲ ಎಂದು ಹೇಳಿ ಕಳಿಸಿದರು. ದಿನಾ ಬಸ್ಸಿನಲ್ಲಿ ಎತ್ತಿಕೊಂಡು ಹೋಗುವುದು ಆಗದ ಮಾತು. ಅಪ್ಪ ನೇರವಾಗಿ ಗರಡಿ ಮನೆಗೆ ಹೋಗಿ, ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದ ವಸ್ತಾದ್ ಮರಿಯಪ್ಪನವರನ್ನು ಕರೆತಂದರು.

ಮರಿಯಪ್ಪನವರಿಗೆ ತಮ್ಮ ಮೀಸೆಯ ಮೇಲೆ ಬಹಳ ಅಭಿಮಾನ. ಸಂಬಳದ ಜೊತೆಗೆ ದಿನಾ ಒಂದು ಲೋಟ ಹಾಲು, ಎರಡು ಹಸಿ ಮೊಟ್ಟೆ ಬೇಕೆಂದರು. ನಮ್ಮದು ಮೊಟ್ಟೆಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ಮನೆ. ಗುರುತಿನವರು ಕಂಡಾರೆಂದು ಅಪ್ಪ ಊರಾಚೆಯ ಅಂಗಡಿಯಿಂದ ಮೊಟ್ಟೆಯನ್ನು ಛತ್ರಿಯೊಳಗಿಟ್ಟುಕೊಂಡು ತರುತ್ತಿದ್ದರು. ವಸ್ತಾದರು ಜಗಲಿಯ ಮೇಲೆ ನಿಂತು ಅದನ್ನು ಗಟಗಟ ಕುಡಿದು, "ಯುಗಾದಿಗೆ ನಿಮ್ಮನೆಯವ್ರನ್ನ ಓಡಾಡುಸ್ತೀನಿ, ನೋಡ್ತಿರಿ ಸ್ವಾಮಿ" ಎಂದು ಬೀದಿಗೆಲ್ಲ ಕೇಳುವಂತೆ ಘೋಷಿಸುತ್ತಿದ್ದರು.

ಆದರೆ ಅಮ್ಮನನ್ನು ಅವರು ಮುಟ್ಟುವಂತಿರಲಿಲ್ಲ. ಪರಗಂಡಸು ಮೈ ಮುಟ್ಟುವುದು ನಮ್ಮಲ್ಲಿ ಸಲ್ಲದು, ಅವರಿಗೂ ಸಲ್ಲದು. ಅದಕ್ಕೊಂದು ಉಪಾಯ ಹೂಡಿದರು. ತಾವು ದೂರದಲ್ಲಿ ಚಾಪೆಯ ಮೇಲೆ ಮಲಗಿ, ತಮ್ಮ ಕಾಲಿನಲ್ಲೇ ತೋರಿಸುವುದು. ಅದರಂತೆ ಅಪ್ಪ ಅಮ್ಮನ ಪಾದವನ್ನು ಅಂಗೈಯಲ್ಲಿಟ್ಟುಕೊಂಡು, ಎಣ್ಣೆ ತೀಡಿ, ಮಡಿಸಿ, ಚಾಚುವುದು.

ಅಮ್ಮ ಬಲಗೈಯಿಂದ ಸೀರೆ ಎಳೆದು ಕಾಲು ಮುಚ್ಚಿಕೊಂಡಳು. "ಗಂಡನ ಕೈಲಿ ಕಾಲು ಹಿಡಿಸ್ಕಂಡು ನಾನ್ಯಾವ ನರಕಕ್ಕೆ ಹೋಗ್ಲಿ?"

"ಗರಡೀಲಿ ನಮ್ಮ ಗುರುಗಳೇ ನನ್ನ ಕಾಲು ತೀಡವ್ರೆ ಕಣಮ್ಮ. ನಾನೇನ್ ನರಕಕ್ಕೋದ್ನಾ?"

"ನೀವಿನ್ನೂ ಬದುಕಿದೀರಲ್ಲ, ಆಮೇಲ್ ಗೊತ್ತಾಗುತ್ತೆ" ಅಂದಳು ಅಮ್ಮ. ನಾಲಿಗೆಗೆ ಏನೂ ಆಗಿರಲಿಲ್ಲ.

ನಾನಾಗ ತುಮಕೂರಿನ ಹಾಸ್ಟೆಲಿನಲ್ಲಿದ್ದೆ, ಈ ಜಗಳವನ್ನು ಆಮೇಲೆ ವಸ್ತಾದರ ಬಾಯಿಂದ ಕೇಳಿದ್ದು. ಮುಂದಿನ ಶನಿವಾರ ಬಂದಾಗ ಅಮ್ಮ ಕಾಲು ನೀಡಿ ಕೂತಿದ್ದಳು, ಅಕ್ಕ ಕಾಯಿಸಿಕೊಟ್ಟ ಬೆಳ್ಳುಳ್ಳಿ ಎಣ್ಣೆಯನ್ನು ಅಪ್ಪ ತೀಡುತ್ತಿದ್ದರು. ಅಮ್ಮ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ್ದಳು, ಕಣ್ಣಿಂದ ನೀರು ಸುರಿಯುತ್ತಿತ್ತು. ಮುಗಿದಮೇಲೆ ಅಪ್ಪನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಜನರೆದುರು ಅಮ್ಮನ ಹೆಸರನ್ನೂ ಕರೆಯದ ಅಪ್ಪ ಎಣ್ಣೆ ಬಟ್ಟಲನ್ನು ಒಳಗೊಯ್ದರು.

ಯುಗಾದಿ ಬಂತು, ಹೋಯಿತು. ಎಣ್ಣೆ ಸರಿಯಿಲ್ಲ ಎಂದು ವಸ್ತಾದರು ದೂರಿದರು. ದೀಪಾವಳಿಯ ಹೊತ್ತಿಗೆ ಅಮ್ಮ ಗೋಡೆ ಹಿಡಿದು, ಕಾಲೆಳೆಯುತ್ತ ಒಲೆಯ ತನಕ ನಡೆದಳು. ನಾವು ಅದನ್ನೇ ಹಬ್ಬ ಮಾಡಿದೆವು.

ಕೆಲವು ವರ್ಷ ಕಳೆದು ಅಪ್ಪ ಕೊಬ್ಬರಿ ಮಂಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡರು. ಅಮ್ಮ ಒಂದೇ ಮಾತು ಹೇಳುತ್ತಿದ್ದಳು: "ನನ್ನ ಕಾಲು ಹಿಡ್ದೂ ಹಿಡ್ದೂ ಅವರ ಆಯಸ್ಸು ಕರಗೋಯ್ತು." ಅಪ್ಪನಿಗೆ ಬಿ.ಪಿ. ಇತ್ತಮ್ಮ ಎಂದು ನಾನು ಬಿಡಿಸಿ ಹೇಳಿದರೆ ಹೂಂಗುಟ್ಟುವಳು. ಆದರೆ ಅಂದಿನಿಂದ ಯಾರಿಗೂ ಕಾಲು ಮುಟ್ಟಲು ಬಿಡಲಿಲ್ಲ. ಹಬ್ಬದ ದಿನ ಮೊಮ್ಮಕ್ಕಳು ಬಗ್ಗಿದರೂ ಪಾದ ಒಳಗೆಳೆದುಕೊಂಡು, ಅಲ್ಲಿಂದಲೇ ಸಾಕು ಎನ್ನುತ್ತಿದ್ದಳು. ಹಾಗೇ ಅವಳೂ ಹೋದಳು. ನಾನು ಈ ಕಥೆ ಹೇಳುವಾಗಲೆಲ್ಲ ಅಪ್ಪನನ್ನೇ ಹೊಗಳುತ್ತಿದ್ದೆ. ಆ ಕಾಲದಲ್ಲಿ ಹೆಂಡತಿಯ ಕಾಲು ಹಿಡಿದ ಗಂಡಸು! ಕೇಳಿದವರೂ ತಲೆದೂಗುತ್ತಿದ್ದರು.

ನಿನ್ನೆ ಟ್ರೈನರ್ ಹೊರಡುವಾಗ, ಸಂಜೆಯೂ ಒಂದು ಸಲ ಮಾಡಬೇಕು, ಮನೆಯವರು ಯಾರಾದರೂ ಪಾದ ಹಿಡಿದುಕೊಳ್ಳಲಿ ಎಂದ. ಹೆಂಡತಿ ಕೆಲಸದಿಂದ ಬರುವುದು ತಡ. ನನ್ನನ್ನು ನೋಡಿಕೊಳ್ಳಲೆಂದು ಕುಣಿಗಲ್ಲಿನಿಂದ ಬಂದಿರುವ ಅಕ್ಕ ಸೆರಗು ಸಿಕ್ಕಿಸಿಕೊಂಡು ನನ್ನೆದುರು ನೆಲದ ಮೇಲೆ ಕೂತಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ದೊಡ್ಡವರು ಚಿಕ್ಕವರ ಕಾಲು ಮುಟ್ಟಬಾರದು ಎಂಬುದನ್ನೆಲ್ಲ ನಾನು ನಂಬುವುದಿಲ್ಲ. ಆದರೂ ಅವಳ ಕೈ ತಗುಲಿದ್ದೇ ತಡ, ನನ್ನ ಕಾಲು ತಾನಾಗಿ ಹಿಂದೆ ಸರಿಯಿತು. ಕಿವಿಯೆಲ್ಲ ಬಿಸಿಯಾಯಿತು.

"ಬೇಡ ಬಿಡಕ್ಕ. ಅವಳು ಬಂದ್ಮೇಲೆ ಮಾಡ್ಕೋತೀನಿ."

ಅಕ್ಕ ಕೂತಲ್ಲಿಂದ ಏಳಲಿಲ್ಲ. "ಅಮ್ಮಾನೂ ಹಿಂಗೇ ಎಳ್ಕಂಡಿದ್ಲು. ನೀನು ಹಾಸ್ಟ್ಲಲ್ಲಿದ್ದೆ, ಆಮೇಲಿಂದು ನಿಂಗೊತ್ತಿಲ್ಲ. ನಾಕು ದಿನ ವಸ್ತಾದ್ರು ಸುಮ್ನೆ ವಾಪಸ್ ಹೋದ್ರು. ಐದನೇ ದಿನ ನನ್ನ ಕರ್ದು, 'ಎಣ್ಣೆ ಕಾಯ್ಸೇ' ಅಂದ್ಲು. 'ನರಕ ಅಂತಿದ್ಯಲ್ಲಮ್ಮ' ಅಂದೆ. 'ಬಂದ ಪಾಪ ನಂಗೇ ಬರ್ಲಿ ಬುಡು. ನಾನು ಮಲಗ್ದಾಗಿಂದ ನಿಮ್ಮಪ್ಪ ನಕ್ಕೇ ಇಲ್ಲ ಕಣೇ' ಅಂದ್ಲು."

ನಂಬಿಕೆಯಿಲ್ಲದ ನನಗೇ ಇಷ್ಟು ಕಷ್ಟವಾಗುತ್ತಿದೆ. ಅಮ್ಮ ಪೂರ್ತಿ ನಂಬಿದ್ದಳು. ನರಕ ಖಂಡಿತ ಎಂದು ತಿಳಿದೂ ದಿನಾ ಬೆಳಿಗ್ಗೆ ಕಾಲು ನೀಡಿದಳು, ಅಪ್ಪ ನಗಲಿ ಎಂದು.

"ಈಗ ನೀನ್ಯಾವ ದೊಡ್ಡ ಮನುಷ್ಯ? ಕೊಡೋ ಇಲ್ಲಿ" ಅಂದಳು ಅಕ್ಕ.

ಕೊಟ್ಟೆ. ಅವಳು ಹಿಮ್ಮಡಿಯನ್ನು ಅಂಗೈಯಲ್ಲಿ ಕೂರಿಸಿಕೊಂಡು ಮೆಲ್ಲಗೆ ಮಡಿಸತೊಡಗಿದಳು. ನಾನು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡೆ.

"ನೋಯ್ತಾ ಇದೆಯೇನೋ?"

ಮಂಡಿ ಅಷ್ಟೇನೂ ನೋಯುತ್ತಿರಲಿಲ್ಲ. ಹೂಂ ಎಂದೆ.