ಉಮಿಕರಿಯ ಆಕಾಶ

ಮೊನ್ನೆ ನನ್ನ ಗಂಡ ತಂದ ಹೊಸ ಟೂತ್‌ಪೇಸ್ಟ್ ಒತ್ತಿದರೆ ಕಪ್ಪಗೆ ಹೊರಬಂತು. ಇದ್ದಿಲಿನ ಪೇಸ್ಟಂತೆ, ಹಲ್ಲಿಗೆ ಬಹಳ ಒಳ್ಳೆಯದಂತೆ. ಭತ್ತದ ಹೊಟ್ಟು ಸುಟ್ಟು ಮಾಡಿದ ಉಮಿಕರಿಯಲ್ಲಿ ಹಲ್ಲುಜ್ಜಿದರೆ ಹಳ್ಳಿಗುಗ್ಗು ಅಂದಾರು ಎಂದು ಅದನ್ನು ಬಿಟ್ಟವರು ನಾವು. ಈಗ ಅದನ್ನೇ ಮಿರುಗುವ ಡಬ್ಬಿಯಲ್ಲಿ ಕೊಂಡು ತರುತ್ತೇವೆ. ನಗು ಬಂತು. ಆದರೆ ಬ್ರಷ್ ಬಾಯಿಗಿಟ್ಟ ಕೂಡಲೇ ಆ ಕರಿಯ ರುಚಿ... ಎದುರುಮನೆಯ ಚಿಕ್ಕಮ್ಮ ನೆನಪಾದಳು. ನಗು ಅಲ್ಲಿಗೇ ನಿಂತಿತು.

ನೆಂಟಸ್ತಿಕೆಯೇನೂ ಇರಲಿಲ್ಲ, ಹಾಗೆ ಕರೆದು ಅಭ್ಯಾಸ ಅಷ್ಟೆ. ಕೊಪ್ಪದ ನಮ್ಮ ಕೇರಿಯಲ್ಲಿ ಯಾರ ಮನೆಯಲ್ಲಿ ಶುಭಕಾರ್ಯವಾದರೂ ಬಾಗಿಲ ರಂಗೋಲಿ ಅವಳದೇ. ಅವಳನ್ನು ಯಾರೂ ಕರೆಯುತ್ತಿರಲಿಲ್ಲ, ಕರೆಯುವ ಪದ್ಧತಿಯೇ ಇರಲಿಲ್ಲ. ಕಾರ್ಯದ ದಿನ ಬೆಳಕು ಹರಿಯುವ ಹೊತ್ತಿಗೆ ಬಣ್ಣದ ಪುಡಿಗಳ ಡಬ್ಬ ಹಿಡಿದು ತಾನಾಗಿ ಬರುತ್ತಿದ್ದಳು. ಮನೆಯವರು ಅಂಗಳ ತೊಳೆದು ಬಿಟ್ಟಿರಬೇಕು, ಅಷ್ಟೇ. ಅವಳ ಬೆರಳಿನಿಂದ ಇಳಿಯುವ ಎಳೆ ಎಲ್ಲೂ ದಪ್ಪವಾಗುತ್ತಿರಲಿಲ್ಲ, ಎಲ್ಲೂ ಕಡಿಯುತ್ತಿರಲಿಲ್ಲ. ಅದರ ಬಗ್ಗೆ ಅವಳಿಗೆ ಸಣ್ಣ ಜಂಬವೂ ಇತ್ತು.

ನಾನಾಗ ಒಂಬತ್ತನೇ ಕ್ಲಾಸು. ಹಬಲ್ ದೂರದರ್ಶಕ ಬಾಹ್ಯಾಕಾಶದಿಂದ ತೆಗೆದ ಒಂದು ಚಿತ್ರ ಪೇಪರಿನ ಬಣ್ಣದ ಪುಟದಲ್ಲಿ ಬಂದಿತ್ತು. ನಾನೋ ವಿಜ್ಞಾನದ ಹುಚ್ಚು ಹಿಡಿದವಳು, ಪುಟ ಹಿಡಿದುಕೊಂಡು ಎದುರುಮನೆಗೆ ಓಡಿದೆ. ಚಿಕ್ಕಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು.

“ಎಂತದೇ ಇದು, ಸಾಸಿವೆ ಚೆಲ್ಲಿದಾರಾ?”

ಆಕಾಶದಲ್ಲಿ ಏನೂ ಇಲ್ಲವೆಂದು ಕಾಣುವ ಒಂದು ಚೂರು ಕತ್ತಲಿನ ಕಡೆಗೆ ದೂರದರ್ಶಕವನ್ನು ತಿರುಗಿಸಿ ಬಹಳ ಕಾಲ ನೋಡಿದರಂತೆ, ಅಲ್ಲಿ ಇಷ್ಟೆಲ್ಲ ಕಂಡಿತಂತೆ ಎಂದೆ. ಇವು ಒಂಟಿ ನಕ್ಷತ್ರಗಳಲ್ಲ, ಒಂದೊಂದು ಚುಕ್ಕಿಯೂ ಎಣಿಸಲಾಗದಷ್ಟು ನಕ್ಷತ್ರಗಳ ಒಂದು ಊರು ಎಂದೆ. ಅವಳು ಮೊರ ಪಕ್ಕಕ್ಕಿಟ್ಟಳು. ಪೇಪರನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿದಳು.

“ಏನೂ ಇಲ್ಲ ಅನ್ನೋ ಕಡೆ ನೋಡ್ತಾ ಕೂರಕ್ಕೆ ಎಷ್ಟು ತಾಳ್ಮೆ ಬೇಕು ಮಾರಾಯ್ತಿ...” ಅಂದಳು. ಆ ಪುಟ ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಸ್ವಲ್ಪ ದಿನಕ್ಕೆ ಊರಿನ ಮಹಿಳಾ ಸಂಘದ ವಾರ್ಷಿಕೋತ್ಸವ, ರಂಗೋಲಿ ಸ್ಪರ್ಧೆ. ಉಳಿದವರು ನವಿಲು, ಕಮಲ, ದೀಪದ ಕಂಬಗಳಲ್ಲಿ ಮುಳುಗಿದ್ದಾಗ ಚಿಕ್ಕಮ್ಮ ಸಭಾಂಗಣದ ನೆಲಕ್ಕೆ ಜರಡಿ ಹಿಡಿದ ಉಮಿಕರಿಯನ್ನು ಹರಡಿದಳು. ನುಣ್ಣನೆಯ, ಮಂಚದಷ್ಟು ಅಗಲದ ಕಪ್ಪು. ಅದರ ಮೇಲೆ ಚಿಟಿಕೆ ಚಿಟಿಕೆಯಾಗಿ ಹಳದಿ, ನೀಲಿ, ಕೆಂಪು. ಕೆಲವು ಚುಕ್ಕಿಗಳನ್ನು ಕಿರುಬೆರಳಿನಿಂದ ಮೆಲ್ಲಗೆ ತಿರುವಿ ಸುಳಿ ಮಾಡಿದಳು. ನಾನು ಪಕ್ಕದಲ್ಲಿ ಪೇಪರ್ ಹಿಡಿದು ಕೂತಿದ್ದೆ. ನಿಜ ಹೇಳಬೇಕೆಂದರೆ ಪೇಪರಿನ ಚಿತ್ರಕ್ಕಿಂತ ನೆಲದ್ದೇ ಚೆಂದವಿತ್ತು.

ರಂಗೋಲಿಗೆ ಕಪ್ಪು ನಿಷಿದ್ಧ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಅದು ಹೊಸ್ತಿಲಿನ ಮಾತು, ಇದು ಸ್ಪರ್ಧೆ ಅಂದುಕೊಂಡಿದ್ದಳು. ಅಲ್ಲೇ ಅವಳು ತಪ್ಪಿದ್ದು.

ದೀಪ ಹಚ್ಚಲು ಬಂದ ಹಿರಿಯ ಅತಿಥಿ ಬಾಗಿಲಲ್ಲೇ ನಿಂತುಬಿಟ್ಟರು. “ದೀಪ ಹಚ್ಚೋ ಜಾಗದಲ್ಲಿ ಕರಿ ಚೆಲ್ಲಿದ್ದು ಯಾರು? ನಾನು ಒಳಗೆ ಕಾಲಿಡೋದಿಲ್ಲ.”

ನಾನು ಎದ್ದು ನಿಂತು, ಅದು ಕರಿಯಲ್ಲ, ಆಕಾಶ, ನೋಡಿ, ಪೇಪರಿನಲ್ಲಿದೆ ಎಂದು ಕೂಗಿ ಹೇಳಿದೆ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. “ಸುಮ್ನಿರು ಕೂಸೇ” ಎಂದು ಚಿಕ್ಕಮ್ಮ ನನ್ನ ಕೈಹಿಡಿದು ಕೂರಿಸಿದಳು. ಮೂಲೆಯಲ್ಲಿದ್ದ ಪೊರಕೆ ತಂದು ತಾನೇ ಗುಡಿಸಿದಳು. ಉಮಿಕರಿ ಗುಡಿಸಿದರೆ ಹೋಗುವಂಥದ್ದಲ್ಲ, ನೆಲಕ್ಕೆಲ್ಲ ಮೆತ್ತಿಕೊಂಡಿತು. ಒದ್ದೆ ಬಟ್ಟೆ ತಂದು ಮೊಣಕಾಲೂರಿ ಒರೆಸುತ್ತಿದ್ದವಳನ್ನು ಸಭಾಂಗಣವಿಡೀ ನೋಡುತ್ತ ನಿಂತಿತ್ತು. ಅವಳ ಕತ್ತು, ಕಿವಿ ಎಲ್ಲ ಕೆಂಪಾಗಿದ್ದವು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು.

ಆ ಅವಮಾನವನ್ನು ಅವಳು ನುಂಗಿಕೊಂಡಿರುತ್ತಿದ್ದಳೋ ಏನೋ... ಆದರೆ ಮುಂದಿನದು ನಮ್ಮ ಮನೆಯಲ್ಲೇ ನಡೆಯಿತು.

ಅಕ್ಕನ ನಿಶ್ಚಿತಾರ್ಥಕ್ಕೆ ದಿನ ಗೊತ್ತಾಯಿತು. ಗಂಡಿನ ಕಡೆಯವರು ನೆಮ್ಮಾರಿನವರು. “ಕರಿ ರಂಗೋಲಿ ಸುದ್ದಿ ಅವರ ಕಿವಿಗೂ ಬಿದ್ದಿದ್ರೆ ಎಂತ ಮಾಡೋದು?” ಎಂದು ಅಮ್ಮ ಪೇಚಾಡಿದಳು. ಕೊನೆಗೆ ರಂಗೋಲಿ ಹಾಕಲು ಕಮ್ಮರಡಿಯಿಂದ ಬೇರೊಬ್ಬರನ್ನು ಹಿಂದಿನ ದಿನವೇ ಕರೆಸಿಕೊಂಡಳು. ಎದುರುಮನೆಗೆ ಹೋಗಿ ಅದನ್ನು ಹೇಳುವ ಧೈರ್ಯ ಮಾತ್ರ ಅವಳಿಗೂ ಬರಲಿಲ್ಲ, ಅಪ್ಪನಿಗೂ ಬರಲಿಲ್ಲ.

ಬೆಳಿಗ್ಗೆ ಚಿಕ್ಕಮ್ಮ ಬಂದಳು. ಎಂದಿನಂತೆ ತಾನಾಗಿ, ಡಬ್ಬ ಹಿಡಿದುಕೊಂಡು. ಅಂಗಳದಲ್ಲಿ ಇನ್ಯಾರೋ ಅರ್ಧ ರಂಗೋಲಿ ಮುಗಿಸಿದ್ದರು. ನಾನು ಜಗಲಿಯಲ್ಲಿದ್ದೆ. ಅವಳ ಕೈ ಡಬ್ಬವನ್ನು ಮೆಲ್ಲಗೆ ಸೊಂಟದ ಕಡೆ ಸರಿಸಿ ಸೆರಗು ಮುಚ್ಚಿದ್ದು ಕಂಡಿತು.

“ಹಾಲು ಸಾಕಾಗ್ತದಾ ಅಂತ ಕೇಳ್ಕೊಂಡು ಹೋಗಾಣ ಅಂತ ಬಂದೆ” ಅಂದಳು. ಆಮೇಲೆ ಬಗ್ಗಿ ನೋಡಿ, “ಎಳೆ ಸಣ್ಣಕ್ಕೆ ಬಂದಿದೆ” ಎಂದು ಅವರನ್ನು ಹೊಗಳಿದಳು ಕೂಡ. ಅಮ್ಮ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಒಳಗಿನಿಂದಲೇ “ಸಾಕಾಗ್ತದೆ” ಎಂದು ಕೂಗಿದಳು. ನಮ್ಮ ಮನೆಯ ಬಗ್ಗೆ ನನಗೆ ಅಷ್ಟು ನಾಚಿಕೆಯಾದದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

ಅಂದಿನಿಂದ ಅವಳು ಯಾರ ಅಂಗಳಕ್ಕೂ ಹೋಗಲಿಲ್ಲ. ಯಾರಾದರೂ ಕೇಳಿದರೆ ಸೊಂಟನೋವು ಅನ್ನುತ್ತಿದ್ದಳು. ತನ್ನ ಹೊಸ್ತಿಲಿಗೂ ಶಾಸ್ತ್ರಕ್ಕೆ ಎರಡು ಗೆರೆ ಎಳೆದು ಎದ್ದುಬಿಡುತ್ತಿದ್ದಳು. ನಮ್ಮ ಮೇಲೆ ಸಿಟ್ಟು ತೋರಿಸಿದ್ದಿಲ್ಲ. ಅಕ್ಕನ ಬಾಣಂತನಕ್ಕೆ ಲೇಹ್ಯ ಕೂಡ ಅವಳೇ ಮಾಡಿಕೊಟ್ಟಳು. ಸಿಟ್ಟು ಮಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು...

ಹೋದ ವರ್ಷ ಚಿಕ್ಕಮ್ಮ ತೀರಿಕೊಂಡಳು. ಸೂತಕದ ದಿನಗಳಲ್ಲಿ ಬಾಗಿಲಿಗೆ ರಂಗೋಲಿ ಇಡುವಂತಿಲ್ಲ. ಸೂತಕ ಕಳೆದ ದಿನ ಬೆಳಿಗ್ಗೆ ನಾನು ಅವಳ ಮನೆಯಲ್ಲೇ ಇದ್ದೆ. ಜಗಲಿ ತೊಳೆದಾಗಿತ್ತು. ಅವಳ ಗಂಡ ಬಾಗಿಲಲ್ಲಿ ನಿಂತು, “ಯಾರಾದ್ರೂ ಒಂದೆಳೆ ಹಾಕಿ ಮಾರಾಯ್ತೀರಾ” ಅಂದರು. ಅಮ್ಮ ನನ್ನ ಕಡೆ ತಿರುಗಿದಳು.

ನನ್ನ ಮೊಬೈಲಿನಲ್ಲಿ ಈಗ ಆಕಾಶದ ಅಂಥ ಚಿತ್ರಗಳು ಬೇಕಾದಷ್ಟಿವೆ. ಹೊಸ ದೂರದರ್ಶಕ ಹಬಲ್‌ಗಿಂತಲೂ ದೂರ ನೋಡುತ್ತದೆ. ಚಿಕ್ಕಮ್ಮನಿಗೆ ತೋರಿಸಬೇಕು ಎಂದು ಪ್ರತಿ ಸಲ ಊರಿಗೆ ಹೊರಟಾಗಲೂ ಅಂದುಕೊಳ್ಳುತ್ತಿದ್ದೆ. ಅವಳ ಮುಂದೆ ನಿಂತಾಗ ಆ ಮಾತು ತೆಗೆಯಲು ಬಾಯಿ ಬರುತ್ತಿರಲಿಲ್ಲ.

“ಬಿಳೀದೇ ಹಾಕು, ಸಾಕು. ಬೇರೆ ಎಂತದೂ ಬೇಡ” ಎಂದು ಅಮ್ಮ ಮೆಲ್ಲಗೆ ಹೇಳಿದಳು.

ನಾನು ಬಿಳಿಯದನ್ನೇ ಹಾಕಿದೆ. ಆ ಜಗಲಿಗೆ ಈಚೆಗೆ ಬಿಳಿ ಟೈಲ್ಸ್ ಹಾಕಿಸಿದ್ದರು. ಎದ್ದು ಕೈ ಒರೆಸಿಕೊಳ್ಳುವಾಗ ಅಮ್ಮ ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು, ನೆಲಕ್ಕೆ ಬಗ್ಗಿ ನೋಡಿದಳು.

“ಹಾಕಿದ್ಯನೇ?” ಎಂದು ಕೇಳಿದಳು.