ನರ್ಸಿಂಗ್ ಓದಿ ಬಾ ಅಂದವಳು

ನರ್ಸಿಂಗ್ ಕಾಲೇಜಿನ ಸಂದರ್ಶನದಲ್ಲಿ, ಈ ಓದು ಯಾಕೆ ಬೇಕೆಂದು ಕೇಳಿದರು. ನನ್ನ ಮುಂದೆ ಹೋದ ಹುಡುಗಿಯರೆಲ್ಲ ಸೇವೆ ಮಾಡಲು ಎಂದಿದ್ದರು. ನಾನೂ ಹಾಗೇ ಅಂದೆ. ಸುಳ್ಳು. ನಾನು ಸೇರಿದ್ದು ಒಬ್ಬ ನರ್ಸಿನ ಮೇಲಿನ ಸಿಟ್ಟಿಗೆ.

ಅಮ್ಮ ಬೀಜಾಡಿಯಿಂದ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದಳು. ನಾನು ಎರಡನೇ ಪಿಯುಸಿ ಸೈನ್ಸ್ ಮುಗಿಸಿದ ವರ್ಷ ಅವಳ ಅಂಗೈಗೆ ಮೀನಿನ ಮುಳ್ಳು ಹೊಕ್ಕು ಕೀವಾಯಿತು. ಕೈ ಮೊಣಕೈತನಕ ಊದಿಕೊಂಡಾಗ ಕುಂದಾಪುರದ ಒಂದು ಆಸ್ಪತ್ರೆಗೆ ಸೇರಿಸಿದೆವು. ವಾರ್ಡಿನ ನರ್ಸ್ ಮೂಗಿಗೆ ಸೆರಗು ಒತ್ತಿಕೊಂಡು, ಸ್ನಾನ ಮಾಡಿ ಬರಲಿಲ್ಲವೆಂದು ಎಲ್ಲರೆದುರೇ ಕೂಗಿದಳು.

"ಹ್ವಾಯ್, ಮಿಂದ್ಕಂಡ್ ಬಪ್ಪುಕಾತಿಲ್ಯಾ? ಈ ವಾಸ್ನಿ ಯಾರ್ ತಡ್ಕಂತ್ರ್?"

ಅಮ್ಮನ ಮಂಚವನ್ನು ಜಗಲಿಗೆ, ಚಪ್ಪಲಿ ಬಿಡುವಲ್ಲಿಗೆ ಎಳೆಸಿದಳು. ಜ್ವರದಲ್ಲಿ ನಡುಗುತ್ತಿದ್ದ ಅಮ್ಮ ಅವಳಿಗೇ ಕೈಮುಗಿದು "ತಪ್ಪಾಯ್ತಮ್ಮ" ಅಂದಳು. ಅದನ್ನು ನೋಡಲಾಗಲಿಲ್ಲ. ಗಾಳಿಗೆ ಹೀಗೆ ಮಲಗಿಸಬಹುದೇ ಎಂದು ಕೇಳಿದೆ.

"ನಂಗ್ ಹೇಳ್ಕೊಡ್ತ್ಯಾ? ನರ್ಸಿಂಗ್ ಓದಿ ಬಾ, ಮತ್ತೆ ಕಾಂಬ."

ಟೀಚರ್ ಆಗಬೇಕೆಂದಿದ್ದವಳು ಅವತ್ತೇ ಮನಸ್ಸು ಬದಲಿಸಿದೆ. ನಮ್ಮ ಉಪನ್ಯಾಸಕರು, ಡಿಪ್ಲೊಮಾ ಸಾಕು, ಬೇಗ ಕೆಲಸ ಸಿಗುತ್ತದೆ ಅಂದರು. ನಾನು ಕೇಳಿದ್ದು ಒಂದೇ: ಎರಡರಲ್ಲಿ ಯಾರು ಬೇಗ ಮೇಲಿನ ಹುದ್ದೆಗೆ ಹೋಗುತ್ತಾರೆ? ಡಿಗ್ರಿಯವರು ಎಂದರು. ಬ್ರಹ್ಮಾವರದ ಆಚೆಗಿನ ಕಾಲೇಜಿಗೆ ನಾಲ್ಕು ವರ್ಷ ಬಸ್ಸಿನಲ್ಲಿ ನಿಂತೇ ಓಡಾಡಿದೆ. ಹೆಣ ಕಂಡು ವಾಂತಿ ಬಂದ ದಿನವೂ ಬಿಟ್ಟುಬಿಡೋಣ ಅನ್ನಿಸಲಿಲ್ಲ. ಆ ಸೆರಗು, ಆ ಮೂಗು ನೆನಪಾಗುತ್ತಿತ್ತು.

ಮಂಗಳೂರಿನಲ್ಲಿ ಆರು ವರ್ಷ ದುಡಿದು ಅದೇ ಆಸ್ಪತ್ರೆಗೆ ವಾರ್ಡುಗಳ ಮೇಲ್ವಿಚಾರಕಿಯಾಗಿ ಬಂದೆ. ಆ ನರ್ಸ್ ಇನ್ನೂ ಅಲ್ಲೇ ಇದ್ದಳು. ತಲೆ ನರೆತಿತ್ತು. ನನಗೆ "ಮೇಡಂ" ಅಂದಳು. ಹಿತವಾಯಿತು.

ಒಂದು ತಿಂಗಳಾಗುವಷ್ಟರಲ್ಲಿ ಬೈಂದೂರು ಕಡೆಯ ಮೀನು ಮಾರುವ ಮುದುಕಿಯೊಬ್ಬಳು ಕಾಲು ಕೊಳೆತು ಬಂದು ಸೇರಿದಳು. ಮಂಚ ಹೊರಗೆ ಹಾಕಿಸಲೇ ಎಂದು ಆ ನರ್ಸ್ ಕೇಳಿದಳು.

"ಬ್ಯಾಡ. ಇಲ್ಲೇ ಇರ್ಲಿ. ದಿನಾ ನೀವೇ ಮೀಸಿ."

ಆಯಾಗಳಿಗೆ ಬೇರೆ ಕೆಲಸ ಕೊಟ್ಟೆ. ಎಂಟು ದಿನ ಅವಳು ಮುದುಕಿಗೆ ಸ್ನಾನ ಮಾಡಿಸಿದಳು, ಮೈ ಒರೆಸಿದಳು, ತಲೆ ಬಾಚಿದಳು. ನಾನು ಕೈಕಟ್ಟಿ ನಿಂತು ನೋಡಿದೆ. ಕೊನೆಗೆ ಅವಳು ಕೇಳಿಯೇಬಿಟ್ಟಳು.

"ಮೇಡಂ, ನಾ ನಿಮ್ಗೆ ಎಂತ ಮಾಡಿದೆ?"

ಹೇಳಿದೆ. ಚಪ್ಪಲಿಯ ಹತ್ತಿರದ ಮಂಚ, ಅಮ್ಮ ಕೈಮುಗಿದದ್ದು, ಎಲ್ಲ. ಅವಳು ಬಾಚಣಿಗೆಯ ಕೂದಲು ಬಿಡಿಸುತ್ತ ಅಂದಳು.

"ಎಷ್ಟ್ ಜನ ಬತ್ರ್ ಹೋತ್ರ್. ನಂಗ್ ನೆನ್ಪೇ ಇಲ್ಲೆ."

ಹತ್ತು ವರ್ಷ ನಾನು ಹೊತ್ತದ್ದು ಅವಳಿಗೆ ನೆನಪೇ ಇರಲಿಲ್ಲ! ಮರುದಿನ ಮನೆಗೆ ಹೊರಟ ಮುದುಕಿ ಅವಳ ಕೈಯನ್ನು ಕಣ್ಣಿಗೊತ್ತಿಕೊಂಡು, "ನನ್ ಮಗ್ಳೂ ಹಿಂಗ್ ಮೀಸ್ಲಿಲ್ಲೆ" ಎಂದು ಅತ್ತಾಗ ನನಗೆ ಸಹಿಸಲಾಗಲಿಲ್ಲ; ನಾನು ಕೊಟ್ಟ ಶಿಕ್ಷೆಗೆ ಅವಳಿಗೆ ಹರಕೆ ಸಿಕ್ಕಿತ್ತು. ಅದೇ ಮಧ್ಯಾಹ್ನ ಆ ನರ್ಸಿನ ಕೆಲಸದ ವಾರ್ಷಿಕ ವರದಿಯಲ್ಲಿ, ರೋಗಿಗಳೊಂದಿಗೆ ನಡವಳಿಕೆ ಸರಿಯಿಲ್ಲ ಎಂದು ಬರೆದೆ. ಬಡ್ತಿ ತಪ್ಪಿತು. ಆರು ತಿಂಗಳಲ್ಲಿ ಕೆಲಸ ಬಿಟ್ಟಳು.

ಅಮ್ಮನಿಗೆ ಹೇಳಿದರೆ ಖುಷಿಪಡುತ್ತಾಳೆ ಅಂದುಕೊಂಡಿದ್ದೆ.

"ಅವ್ಳಿಗೂ ಮಕ್ಳ್ ಇದ್ದೊ ಅಲ್ದನಾ ಹೆಣ್ಣೆ?" ಅಂದಳು.

ಅಮ್ಮನ ಮೇಲೂ ಸಿಟ್ಟು ಬಂತು. ಎರಡು ದಿನ ಮಾತಾಡಲಿಲ್ಲ. ಬರೆದದ್ದು ಸುಳ್ಳೆಂದು ನನಗೆ ಗೊತ್ತು. ಇವತ್ತು ಬರೆಯಲು ಕೂರಿಸಿದರೂ ಅದನ್ನೇ ಬರೆಯುತ್ತೇನೆ.